ಒಳಗ ಹೋಗೋದು, ಹೊರಗ ಬರೋದು

ಹಾನಗಲ್ಲಿನ ಆ ದವಾಖಾನೆಯಂಥದ್ದು ಮೂರು ಲೋಕ ಹುಡುಕಿದರೂ ಸಿಗೂದಿಲ್ಲ. ಸತ್ತವರು ಅಲ್ಲಿ ಎದ್ದು ಕುಂತು ಚಹಾ ಕೇಳಿದ್ದಾರೆ. ಇದನ್ನು ಮಾಲೀಕ ಡಾಕ್ಟರ್ ಬಸವೇಶನೇ ಹೇಳುತ್ತಿದ್ದ, ಆದ್ದರಿಂದ ಸುಳ್ಳಿರಲಿಕ್ಕಿಲ್ಲ. ಕಬ್ಬಿನ ಟ್ರ್ಯಾಕ್ಟರ್ ರಸ್ತೆಯಲ್ಲಿ ಹಾದರೆ ಗೋಡೆಯ ಗಿಲಾವು ಉದುರಿ ರೋಗಿಯ ಗಂಜಿಯಲ್ಲಿ ಬೀಳುತ್ತಿತ್ತು. ಅದು ಬೇರೆ ಮಾತು.

ದವಾಖಾನೆಯ ತಲೆಯ ಮೇಲೆ ನರ್ಸಿಂಗ್ ಶಾಲೆ. ಮೇಲೆ ಪಾಠ, ಕೆಳಗೆ ರೋಗಿ. ನಡುವೆ ಮೆಟ್ಟಿಲು. ಮೇಲೆ ಕಲಿತದ್ದು ಆ ಮೆಟ್ಟಿಲು ಇಳಿಯುವುದರೊಳಗೆ ಜಾರಿ ಬಿದ್ದು ಸತ್ತಿರುತ್ತಿತ್ತು.

ದಿನಾ ಮುಂಜಾನೆ ಹುಡುಗಿಯರು ಸಾಲಾಗಿ ನಿಂತು ಒದರಬೇಕು. ಸರಿಯಾದ ರೋಗಿ! ಸರಿಯಾದ ಔಷಧ! ಸರಿಯಾದ ಪ್ರಮಾಣ! ಸರಿಯಾದ ದಾರಿ! ಸರಿಯಾದ ಹೊತ್ತು! ಆ ಒದರಾಟಕ್ಕೆ ಬಸ್ ಸ್ಟ್ಯಾಂಡಿನ ಕಾಗೆಗಳು ಎದ್ದು ಹೋಗಿ ಶಿಗ್ಗಾವಿಯಲ್ಲಿ ಕೂರುತ್ತಿದ್ದವು. ಒದರಿಸುವವಳು ವೀರವ್ವ ಮೇಡಂ. ಮೇಲಿನ ಶಾಲೆಗೆ ಟೀಚರೂ ಅವಳೇ, ಕೆಳಗಿನ ವಾರ್ಡಿಗೆ ಹೆಡ್ ಸಿಸ್ಟರೂ ಅವಳೇ.

“ಔಷಧ ಯಾರು ತುಂಬತಾರ, ಅವರ ಚುಚ್ಚಬೇಕು. ಒಬ್ಬಾಕಿ ತುಂಬಿದ ಸಿರಿಂಜ್ ಇನ್ನೊಬ್ಬಾಕಿ ಮುಟ್ಟಿದ್ರ ಕೈ ಮುರೀತೇನಿ. ಯಾಕ?”

“ಒಳಗ ಏನೈತಿ ಅನ್ನೂದು ತುಂಬಿದಾಕಿಗಷ್ಟ ಗೊತ್ತಿರ್ತೈತ್ರಿ!”

ಎಲ್ಲರಿಗಿಂತ ಗಟ್ಟಿಯಾಗಿ ಒದರುವವಳು ದುರಗವ್ವ. ಸವಣೂರು ತಾಲೂಕಿನ ಹತ್ತಿಮತ್ತೂರಿನವಳು. ಕೊನೆಯ ವರ್ಷ. ಪರೀಕ್ಷೆ ಮುಗಿದರೆ ನರ್ಸ್. ಅವಳ ಅವ್ವ ಹುಚ್ಚವ್ವ ಮಂದಿಯ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವವಳು. ಆ ಕೈ ಎಂಥದ್ದು ಅಂದರೆ, ಅದನ್ನು ತೊಳೆದ ನೀರಿನಲ್ಲಿ ಇಡೀ ಓಣಿಗೆ ಸಾರು ಮಾಡಬಹುದಿತ್ತು. ಆ ಕೈಯನ್ನು ಮಗಳ ತಲೆಗೆ ಮುಟ್ಟಿಸದೆ, ಉರಿ ಹತ್ತೀತೆಂದು ಮೊಣಕೈಯಿಂದ ನೇವರಿಸಿ ಕಳಿಸಿದ್ದಳು.

“ನಮ್ಮ ಬೊಗಸಿಗೆ ಮ್ಯಾಲಿಂದ ನೀರು ಹೊಯ್ದಾರಲ್ಲ ಮಗಳ, ನಾಳೆ ಅವರ ನಾಡಿ ನೀ ಹಿಡೀತಿ. ಹಿಡದಾಗ ನನಗ ಒಂದು ಮಾತು ಹೇಳು. ಹ್ಯಾಂಗ ಬಡೀತೈತಿ ಅಂತ. ನಮ್ಮಂಗ ಬಡೀತೈತೋ, ಬ್ಯಾರೆ ಬಡೀತೈತೋ.”

ದುರಗವ್ವನಿಗೆ ಬೇಕಾಗಿದ್ದದ್ದು ಇಷ್ಟೇ. ಒಂದು ಕೈ ಹಿಡಿಯುವುದು.

ಉಳವಪ್ಪ ಸಾವ್ಕಾರ ಬಂದು ಸೇರಿದ. ಅವನ ಕಬ್ಬಿನ ಹೊಲದ ಒಂದು ಬದುವಿನಲ್ಲಿ ಸೂರ್ಯ ಹುಟ್ಟುತ್ತಿದ್ದ, ಇನ್ನೊಂದು ಬದುವಿನಲ್ಲಿ ಮುಳುಗುತ್ತಿದ್ದ. ಅಷ್ಟು ದೊಡ್ಡವನಿಗೆ ಅಂಗಾಲಿನಲ್ಲಿ ಹುಣ್ಣು. ಸಕ್ಕರೆ ಕಾಯಿಲೆಯ ಹುಣ್ಣು. ನೊಣ ಕುಂತರೂ ಅವನಿಗೆ ತಿಳಿಯದು. ಗಂಡು ಹೆಣ್ಣಿಗೆಲ್ಲ ಇದ್ದ ಒಂದೇ ವಾರ್ಡಿಗೆ ಬರುವ ಬಾಗಿಲಿನ ಪಕ್ಕದ ಮೊದಲ ಮಂಚ ಅವನದು, ಗಾಳಿ ಬೆಳಕು ಇರುವುದು ಅಲ್ಲೇ ಅಂತ. ಮಗ ಕುರ್ಚಿ ಹಾಕಿಕೊಂಡು ಕಾವಲಿಗೆ ಕುಂತ.

ದುರಗವ್ವ ಸಿರಿಂಜು ತುಂಬಿಕೊಂಡು ಹೋಗಿ ನಿಂತಳು. ಪಾಠದಲ್ಲಿದ್ದಂತೆ ಮೊದಲು ಕೇಳಿದಳು, “ನಿಮ್ಮ ಹೆಸರ್ರಿ?”

“ನನ್ನ ಹೆಸರು ನಾಡಿಗೆ ಗೊತ್ತೈತಿ. ನೀ ಯಾರ ಪೈಕಿ ತಂಗಿ?”

“ಹತ್ತಿಮತ್ತೂರಿನಾಕಿರಿ.”

“ಊರು ಕೇಳಲಿಲ್ಲ. ಯಾರ ಪೈಕಿ ಅಂದೆ.”

“ಮಾದರ ಓಣಿಯಾಕಿರಿ.”

ಚಾಚಿದ ತೋಳು ಆಮೆಯ ಕುತ್ತಿಗೆಯಂತೆ ಒಳಗೆ ಹೋಯಿತು. ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಅವನು ನಕ್ಕ.

“ನೀ ಚಲೋ ಹುಡುಗಿ ಇದ್ದಿ. ಮನಸಿಗೆ ಹಚ್ಚಿಕೊಬ್ಯಾಡ. ಇದು ಮೈಯೊಳಗ ಹೋಗೂದೈತಿ ನೋಡು. ರಕ್ತದಾಗ ಕೂಡೂದು. ನಾವು ಲಿಂಗ ಕಟ್ಟಿದ ಮೈ. ಬ್ಯಾರೆದಾಕೀನ ಕಳಸು.” ಆಮೇಲೆ ಹೊಟ್ಟೆ ಹಿಡಿದುಕೊಂಡು ಅಂದ, “ಹಂಗ ಆ ಬೆಡ್‌ಪ್ಯಾನ್ ತಗೊಂಬಾ. ಲಗೂ ಬಾ, ತಡಿಯಾಂಗಿಲ್ಲ.”

ತಂದಳು. ಇಟ್ಟಳು. ಸೊಂಟ ಎತ್ತಿ ಹಿಡಿದಳು. ಆದ ಮೇಲೆ ಒರೆಸಿದಳು. ಅದಕ್ಕೆಲ್ಲ ಲಿಂಗ ಕಟ್ಟಿದ ಮೈ ಏನೂ ಅನ್ನಲಿಲ್ಲ.

ಅವತ್ತು ಮಧ್ಯಾಹ್ನ ವೀರವ್ವ ಮೇಡಂ ಒಂದು ಕಾನೂನು ಮಾಡಿದಳು. ದೇಶದ ದೊಡ್ಡ ದೊಡ್ಡ ಕೋರ್ಟುಗಳಿಗೆ ಹೊಳೆಯದ ಕಾನೂನು. ಬಸವೇಶ ಅದಕ್ಕೆ ಹೂಂ ಅಂದ.

“ನೋಡು ದುರಗಾ, ಅವರು ಒಬ್ರು ಅಂದ್ರು ಅಂದ್ರ ನಾಳೆ ಎಲ್ಲಾರೂ ಅಂತಾರ. ಇನ್ ಮ್ಯಾಲ ಮೈಯಿಂದ ಹೊರಗ ಬರೋದೆಲ್ಲಾ ನಿಂದು. ಒಳಗ ಹೋಗೋದೆಲ್ಲಾ ಶ್ವೇತಾಂದು.”

“ಮತ್ತ ಔಷಧ ತುಂಬೂದ್ರಿ ಮೇಡಂ?”

“ಅದು ನೀನ ತುಂಬು. ಆಂಪ್ಯೂಲ್ ಒಡದು ಶ್ವೇತಾನ ಬೆರಳು ಕೊಯ್ದಾವು. ಔಷಧ ಕೋಣ್ಯಾಗ ಯಾರು ನೋಡಾಕ ಬರ್ತಾರ? ತುಂಬಿ ಟ್ರೇದಾಗಿಟ್ಟು ಹೊಸ್ತಿಲದಾಗಿನ ಸ್ಟೂಲ್ ಮ್ಯಾಲ ಇಡು. ಆಕಿ ಒಯ್ತಾಳ.”

“ತುಂಬಿದಾಕೀನ ಚುಚ್ಚಬೇಕಂತ ನೀವ ಕಲಿಸೀರ್ರಿ.”

“ಅದು ಪರೀಕ್ಷಾದಾಗ ಬರಿ. ಇದು ದವಾಖಾನಿ.”

ಗಾಜಿನ ಆಂಪ್ಯೂಲು ಒಡೆದು ಬೆರಳು ಕೊಯ್ದುಕೊಳ್ಳುವ ಕೆಲಸ ಒಬ್ಬಳಿಗೆ. ಕೈ ಮುಟ್ಟುವ ಕೆಲಸ ಇನ್ನೊಬ್ಬಳಿಗೆ. ಕಾಣದ ಕೈ ತುಂಬಿದರೆ ಮೈಲಿಗೆಯಿಲ್ಲ.

ಶ್ವೇತಾ ದುರಗವ್ವನ ಜೊತೆಗೇ ಕಲಿಯುವವಳು, ಹಿರೇಕೆರೂರು ತಾಲೂಕಿನ ಹಂಸಭಾವಿಯವಳು. ಕೆಟ್ಟವಳಲ್ಲ. ಅವ್ವ ಕಳಿಸಿದ ಶೇಂಗಾ ಚಟ್ನಿಯನ್ನು ದುರಗವ್ವನಿಗೂ ಹಾಕುತ್ತಿದ್ದಳು, ಚಮಚೆಯನ್ನು ಸ್ವಲ್ಪ ಮೇಲೆ ಹಿಡಿದು. “ನಾ ಏನು ಮಾಡ್ಲೆ? ಮೇಡಂ ಹೇಳ್ಯಾರ,” ಅನ್ನುತ್ತಿದ್ದಳು. ಟ್ರೇ ಎತ್ತಿಕೊಂಡು ಹೋಗುತ್ತಿದ್ದಳು. ಅವಳಿಗೆ ಎಲ್ಲ ಸಿರಿಂಜೂ ಒಂದೇ. ಒಳಗಿರುವುದೆಲ್ಲ ನೀರು.

ಆಮೇಲೆ ದುರಗವ್ವ ಎತ್ತಿದ ಹೇಲು ಉಚ್ಚೆಯಲ್ಲಿ ಹಾನಗಲ್ ಕೆರೆ ಎರಡು ಸಲ ತುಂಬಿ ಕೋಡಿ ಬೀಳುತ್ತಿತ್ತು. ಹುಣ್ಣಿನ ಕೀವು ಹತ್ತಿದ ಅರಿವೆ ಅವಳದು. ವಾಂತಿ ಅವಳದು. ಕಫದ ಡಬ್ಬಿ ಅವಳದು. ಆಂಪ್ಯೂಲಿನ ಗಾಜು ಕೊಯ್ದ ಬೆರಳನ್ನು ಫಿನಾಯಿಲಿನಲ್ಲಿ ಅದ್ದಿದರೆ ಉರಿ ನೆತ್ತಿಗೆ ಏರುತ್ತಿತ್ತು. ಅವ್ವನ ಕೈ ನೆನಪಾಗುತ್ತಿತ್ತು. ಉರಿಯುವ ಕೈ ವಂಶದಲ್ಲಿ ಬಂದದ್ದು.

ವಾರ್ಡಿನೊಳಗೆ ಅವಳು ಬರಿಗೈಯಲ್ಲಿ ಬರುವಂತಿರಲಿಲ್ಲ. ಬಂದರೆ ಸಾವ್ಕಾರನ ಮಗ ಹುಬ್ಬು ಏರಿಸುತ್ತಿದ್ದ, “ಯಾಕ, ಏನು ಮುಟ್ಟಾಕ ಬಂದಿ?” ಕೈಯಲ್ಲಿ ಬೆಡ್‌ಪ್ಯಾನ್ ಇದ್ದರೆ ಕಾಲು ಮಡಚಿ ದಾರಿ ಕೊಡುತ್ತಿದ್ದ. ಮಂದಿಗೆ ಅಮೆರಿಕಕ್ಕೆ ಹೋಗಲು ಪಾಸ್‌ಪೋರ್ಟ್ ಬೇಕು. ದುರಗವ್ವನಿಗೆ ಹೊಸ್ತಿಲು ದಾಟಲು ಬೆಡ್‌ಪ್ಯಾನ್ ಬೇಕು.

ಆ ವಾರ್ಡಿನ ಕೊನೆಯ ಮಂಚಕ್ಕೆ, ಪಾಯಖಾನೆಯ ಮಗ್ಗುಲಿಗೆ, ಮಾಬೂಬಿ ಬಂದಳು. ಬಂಕಾಪುರದ ಪಿಂಜಾರ ಮುದುಕಿ. ಗಾದಿ ಹೊಲಿದು ಹೊಲಿದು ಬೆರಳು ಬಿಲ್ಲಿನಂತೆ ಬಾಗಿದ್ದವು. ಅವಳು ಹೊಲಿದ ಗಾದಿ ಹಾಸಿದರೆ ಭೂಮಿಗೊಂದು ಹಾಸಿಗೆಯಾಗಿ ಇನ್ನೂ ಅಂಚು ಉಳಿಯುತ್ತಿತ್ತು. ವಾಂತಿ ಭೇದಿ ಹತ್ತಿ ಒಣ ಮೆಣಸಿನಕಾಯಿಯಂತೆ ಆಗಿದ್ದಳು. ಮಗ ಮುನಾಫ ಅವಳನ್ನು ಮಗುವಿನಂತೆ ಎತ್ತಿಕೊಂಡು ಬಂದು ಮಲಗಿಸಿದ.

ದುರಗವ್ವ ಬೆಡ್‌ಪ್ಯಾನ್ ಹಿಡಿದು ಹೋದಾಗ ಮುದುಕಿ ಅವಳ ಮುಂಗೈ ಹಿಡಿದಳು. ಬೆರಳಿನ ಗಾಯ ನೋಡಿದಳು.

“ಏನ ಬೇಟಿ, ನಿನಗೂ ಸೂಜಿ ಚುಚ್ಚೇತೇನ? ನನಗ ದಬ್ಬಣ ಚುಚ್ಚಿ ಚುಚ್ಚಿ ಬೆರಳಾಗ ರಕ್ತನ ಉಳದಿಲ್ಲ. ನಾವಿಬ್ರೂ ಒಂದ ಕಸಬಿನಾವ್ರು.”

“ಸೂಜಿ ಅಲ್ಲಬೇ, ಗಾಜು.”

“ಮತ್ತ ನನಗ ಸೂಜಿ ಮಾಡಾಕ ಆ ಹುಡುಗಿ ಯಾಕ ಬರ್ತಾಳ? ನೀ ಮಾಡು. ಆಕಿ ಮಾರಿ ನೋಡೂದಿಲ್ಲ, ಚುಚ್ಚಿ ಹೋಗಿಬಿಡ್ತಾಳ. ಹೆಸರೂ ಕೇಳೂದಿಲ್ಲ.”

ದುರಗವ್ವ ಮುದುಕಿಯ ಮಣಿಕಟ್ಟು ಹಿಡಿದು ನಾಡಿ ನೋಡಿದಳು. ಸಣ್ಣಗೆ ಓಡುತ್ತಿತ್ತು, ಹೊಲಿಗೆ ಹಾಕಿದಂತೆ. ಆ ದವಾಖಾನೆಯಲ್ಲಿ ತಾನಾಗಿ ಅವಳ ಕೈಗೆ ಬಂದ ಕೈ ಅದೊಂದೇ.

“ನನಗ ಹುಕುಂ ಇಲ್ಲಬೇ,” ಅಂದಳು.

“ಯಾರ ಹುಕುಂ? ಕೈ ನಂದು. ಅದರಾಗ ಹೋಗೂದು ನಂದು. ನಾ ಹೇಳ್ತೇನಿ, ನೀ ಮಾಡು.”

ಅದನ್ನು ಯಾರೂ ಕೇಳಲಿಲ್ಲ. ಮೊದಲ ಮಂಚದವನು ಹಾಕಿದ ಕಾನೂನು ಕೊನೆಯ ಮಂಚಕ್ಕೂ ನಡೆಯುತ್ತಿತ್ತು.

ಮರುದಿನ ಮುಂಜಾನೆ ಬಸವೇಶ ಡಾಕ್ಟರ್ ಸುತ್ತು ಬಂದು ಹೇಳಿದ, “ಮುದುಕಿ ಮೈಯಾಗ ಪೊಟ್ಯಾಶಿಯಂ ಇಳದೈತಿ. ಸಲೈನ್ ಬಾಟ್ಲಿಗೆ ಕೂಡಿಸಿ ಸಾವಕಾಶ ಬಿಡ್ರಿ.” ಹೇಳಿ ತನ್ನ ಕೋಣೆಗೆ ಹೋದ.

ಪೊಟ್ಯಾಶಿಯಂ ನೋಡಲು ಶುದ್ಧ ನೀರು. ಸಲೈನ್ ಬಾಟಲಿಯಲ್ಲಿ ಕಲಸಿ ಹನಿಹನಿಯಾಗಿ ಬಿಟ್ಟರೆ ಔಷಧ. ಸಿರಿಂಜಿನಿಂದ ನೇರ ರಕ್ತನಾಳಕ್ಕೆ ಒತ್ತಿದರೆ ಹೃದಯ ನಿಲ್ಲುತ್ತದೆ. ಇದು ಗುಟ್ಟಲ್ಲ. ದುರಗವ್ವನಿಗೆ ಗೊತ್ತು, ಶ್ವೇತಾಗೆ ಗೊತ್ತು, ವೀರವ್ವ ಮೇಡಂ ಕಲಿಸಿದವಳೇ. ಮೇಲಿನ ಮಾಳಿಗೆಯ ಗೋಡೆಯ ಹಲ್ಲಿಗೂ ಬಾಯಿಪಾಠ.

ದುರಗವ್ವ ಆಂಪ್ಯೂಲು ಒಡೆದಳು. ಸಿರಿಂಜಿಗೆ ಎಳೆದಳು. ಟ್ರೇಯಲ್ಲಿಡಲು ಕೈ ಬರಲಿಲ್ಲ. ಮೇಡಂ ಹತ್ತಿರ ಹೋದಳು.

“ಮೇಡಂ, ಇದೊಂದು ನಾನ ಹೋಗಿ ಬಾಟ್ಲಿಗೆ ಹಾಕಿ ಬರ್ತೇನ್ರಿ. ಇದು ಚುಚ್ಚೂದಲ್ಲ. ಆ ಅಜ್ಜಿ ಏನೂ ಅನ್ನೂದಿಲ್ಲ.”

“ಆಕಿ ಅನ್ನೂದಿಲ್ಲ. ಸಾವ್ಕಾರ ನೋಡ್ತಾನಲ್ಲ? ಇವತ್ತ ಬಾಟ್ಲಿ ಮುಟ್ಟಿದಿ, ನಾಳೆ ನಂದೂ ಮುಟ್ಟತಾಳ ಅಂತಾನ. ಟ್ರೇದಾಗ ಇಡು.”

“ಹಂಗಾದ್ರ ಶ್ವೇತಾಗ ಹೇಳ್ತೇನ್ರಿ...”

“ಹೊಸ್ತಿಲದಾಗ ನಿಂತು ಒದರಬ್ಯಾಡ. ನಾ ಹೇಳ್ತೇನಿ ಆಕಿಗೆ. ಇಡು.”

ಇಟ್ಟಳು.

ಇಡಬಾರದಿತ್ತು. ಗೊತ್ತಿತ್ತು. ಇಟ್ಟಳು.

ಅದೇ ಹೊತ್ತಿಗೆ ಮೊದಲ ಮಂಚದಿಂದ ಕೂಗು. “ಏ ತಂಗಿ, ಬೆಡ್‌ಪ್ಯಾನ್!” ವೀರವ್ವ ಕಣ್ಣಿನಿಂದಲೇ ದುರಗವ್ವನನ್ನು ತಳ್ಳಿದಳು. ದುರಗವ್ವ ಓಡಿದಳು. ಸಾವ್ಕಾರನ ಸೊಂಟ ಎತ್ತಿದಳು. ಅವನು ತಿಣುಕಿದ. ಮೆಲ್ಲಗೆ, ನೆಮ್ಮದಿಯಿಂದ ತಿಣುಕಿದ. ಒಂದು ಯುಗ ಹೋಗಿ ಇನ್ನೊಂದು ಯುಗ ಬಂದಿರಬೇಕು. ಆಮೇಲೆ ಹಿತ್ತಲಿಗೆ ಒಯ್ದು ಸುರುವಿ, ತೊಳೆದು ತಂದು ಮಂಚದ ಕೆಳಗಿಟ್ಟು, ಕೈ ತೊಳೆಯಲು ಹೋದಳು. ಈ ಕಡೆ ಮೇಡಂಗೆ ಡಾಕ್ಟರ ಕೋಣೆಯಿಂದ ಕರೆ ಬಂತು. ಹೇಳಬೇಕಾದ ಮಾತನ್ನು ಬಾಯಲ್ಲೇ ಇಟ್ಟುಕೊಂಡು ಹೋದಳು. ಶ್ವೇತಾ ಬಂದಳು. ಸ್ಟೂಲಿನ ಮೇಲಿನ ಟ್ರೇ ಎತ್ತಿಕೊಂಡಳು. ಎಂದಿನಂತೆ.

ಇನ್ನು ಮುಂದಿನದಕ್ಕೆ ಮಸಾಲೆ ಬೇಡ.

ದುರಗವ್ವ ಕೈ ತೊಳೆದು ಬಂದು ಹೊಸ್ತಿಲಲ್ಲಿ ನಿಂತಳು. ಕೊನೆಯ ಮಂಚ ಕಂಡಿತು. ಶ್ವೇತಾ ಬಾಟಲಿಯ ಕಡೆ ಕೈ ಎತ್ತಲಿಲ್ಲ. ಮಾಬೂಬಿಯ ಮುಂಗೈಗೆ ಚುಚ್ಚಿಟ್ಟಿದ್ದ ಕೊಳವೆಗೆ ಸಿರಿಂಜು ಹಚ್ಚಿದಳು.

“ಶ್ವೇತಾ! ಬ್ಯಾಡ!”

ಒಳಗೆ ನುಗ್ಗಿದಳು. ಕೈಯಲ್ಲಿ ಬೆಡ್‌ಪ್ಯಾನ್ ಇರಲಿಲ್ಲ. ಸಾವ್ಕಾರನ ಮಗನ ತೋಳು ಅಡ್ಡ ಬಂತು. ಎದೆಗೆ ಬಡಿಯಿತು. “ಏ, ಎಲ್ಲಿ ಬರ್ತಿ? ಅಪ್ಪಾರು ಈಗ ಮೈ ಒರಸ್ಕೊಂಡಾರ, ಮುಟ್ಟಗಿಟ್ಟಿ!”

“ಬಿಡ್ರಿ! ಅದು ಬಾಟ್ಲಿದ್ರಿ! ಶ್ವೇತಾ!”

“ಒದರಬ್ಯಾಡ, ದವಾಖಾನಿ ಐತಿದು.”

ಆ ಕೊನೆಯಿಂದ ಮುದುಕಿಯ ದನಿ ಕೇಳಿತು. “ಉರಿ... ಬೇಟಿ, ಕೈಗೆ ಬೆಂಕಿ ಹತ್ತೇತಿ. ತಗಿ. ತಗೀಬೇ.”

“ಸ್ವಲ್ಪ ಉರೀತೈತಿ ಅಜ್ಜಿ, ತಡೀರಿ. ಆತು, ಆತು,” ಅಂದಳು ಶ್ವೇತಾ. ಒತ್ತಿದಳು. ಪೂರಾ ಒತ್ತಿದಳು. ಮುಖ ನೋಡಲಿಲ್ಲ.

ದುರಗವ್ವ ತೋಳನ್ನು ಕಚ್ಚಿ ಬಿಡಿಸಿಕೊಂಡು ಹೋಗಿ ಮುಟ್ಟುವುದರೊಳಗೆ ಮಾಬೂಬಿಯ ಕಣ್ಣು ಮೇಲೆ ಸಿಕ್ಕಿದ್ದವು. ದುರಗವ್ವ ಮಂಚ ಹತ್ತಿದಳು. ಎದೆಯ ಮೇಲೆ ಎರಡೂ ಅಂಗೈ ಊರಿ ಒತ್ತಿದಳು. ಒತ್ತಿದಳು. ಪಕ್ಕೆಲುಬು ಒಳಗೆ ಲಟಕ್ಕೆಂದಿತು. ಒತ್ತುವುದು ಬಿಡಲಿಲ್ಲ. ಡಾಕ್ಟರ್ ಬಂದು ಹೆಗಲು ಹಿಡಿದು ಎಳೆಯುವವರೆಗೂ ಒತ್ತಿದಳು. ಮಣಿಕಟ್ಟು ಹಿಡಿದಳು. ಹೊಲಿಗೆ ನಿಂತಿತ್ತು.

ಮುನಾಫ ಅವ್ವನಿಗೆ ಗಂಜಿ ತರಲು ಹೋಗಿದ್ದ. ಬಂದ. ಗಂಜಿ ಬಿಸಿಯಿತ್ತು.

“ವಯಸ್ಸಾಗಿತ್ತಪಾ. ಹಾರ್ಟ್ ತಡೀಲಿಲ್ಲ,” ಅಂದ ಬಸವೇಶ. ದನಿಯಲ್ಲಿ ಬೆಣ್ಣೆ. ಸತ್ತವರನ್ನು ಎಬ್ಬಿಸುವ ಡಾಕ್ಟರು ಅವತ್ತು ಯಾಕೋ ಬಿಡುವಿಲ್ಲದವನಾಗಿದ್ದ.

ಎದುರಿನ ಮಂಚದ ಹೆಣ್ಣುಮಗಳು ಬಾಯಿ ಬಿಟ್ಟಳು, “ಸೂಜಿ ಮಾಡಿದ ಕೂಡ್ಲೆ ಉರಿ ಉರಿ ಅಂದು ಹ್ವಾದ್ಲು ನೋಡಪಾ.” ಮುನಾಫ ಗೋಡೆಗೆ ಒರಗಿ ಕುಸಿದ. ಫೋನ್ ಮಾಡಿದ. ಬಂಕಾಪುರದಿಂದ ಮಂದಿ ಹೊರಟರು.

ಆಗ ಬೆಣ್ಣೆ ಕರಗಿತು. ಔಷಧ ಕೋಣೆಯ ಬಾಗಿಲು ಹಾಕಿಕೊಂಡು ಮೂವರೂ ಸೇರಿದರು. ಬಸವೇಶ, ವೀರವ್ವ, ಶ್ವೇತಾ. ನಾಲ್ಕನೆಯವಳನ್ನು ಗೋಡೆಗೆ ನಿಲ್ಲಿಸಿದರು.

“ತುಂಬಿದಾಕಿ ನೀನ,” ಅಂದಳು ವೀರವ್ವ.

“ನಾನ್ರಿ.”

“ಹಂಗಾದ್ರ ತಪ್ಪು ಯಾರ್ದು? ಒಳಗ ಏನೈತಿ ಅನ್ನೂದು ತುಂಬಿದಾಕಿಗಷ್ಟ ಗೊತ್ತಿರ್ತೈತಿ. ಪಾಠ ಮರತ್ಯಾ?”

ಆ ಪಾಠಕ್ಕೆ ಅವತ್ತು ಮೆಟ್ಟಿಲು ಇಳಿದು ಬರಲು ಕಾಲು ಬಂದಿತ್ತು.

“ಹೊರಗ ಬಂದು ಅವನ ಕಾಲು ಹಿಡಿ,” ಅಂದ ಬಸವೇಶ. “ನಾ ಕಲಿಯೋ ಹುಡುಗಿ, ಗೊತ್ತಾಗಲಿಲ್ಲ, ನಾನ ಮಾಡಿದೆ ಅನ್ನು. ಮುಂದಿಂದು ನಾವು ನೋಡ್ಕೋತೇವಿ. ನಿನ್ನ ಪರೀಕ್ಷಾಕ್ಕ ಏನೂ ತೊಂದ್ರಿ ಆಗೂದಿಲ್ಲ.”

“ಚುಚ್ಚಿದಾಕಿನೂ ನಾನ ಅನ್ಲ್ಯಾ?”

“ಅಂದ್ರೇನಾತು? ಶ್ವೇತಾನ ಲಗ್ನ ಗೊತ್ತಾಗೇತಿ. ಆಕಿ ಮನಿತನ ಏನಾಗಬೇಕು? ನಿಮಗ ಕಾಲು ಹಿಡಿಯೂದು ರೂಢಿ ಐತಿ.”

ದುರಗವ್ವ ಶ್ವೇತಾನ ಕಡೆ ನೋಡಿದಳು. “ನೀ ಹೇಳ ಶ್ವೇತಾ.”

ಶ್ವೇತಾ ತನ್ನ ಅಂಗೈ ನೋಡಿಕೊಂಡಳು. ಅತ್ತು ಕಣ್ಣು ಊದಿದ್ದವು. “ನಾ ಬರೇ ಟ್ರೇ ಒಯ್ದಾಕಿ,” ಅಂದಳು.

ದುರಗವ್ವ ಬಾಗಿಲ ಕಡೆ ನೋಡಿದಳು. ಹೊರಗೆ ಹೋಗಿ ಕಾಲು ಹಿಡಿದರೆ ನರ್ಸ್ ಆಗಬಹುದು. ಅವ್ವ ಕೇಳಿದ ನಾಡಿಗಳನ್ನೆಲ್ಲ ಹಿಡಿಯಬಹುದು. ಹಿಡಿಯಲು ಯಾರಾದರೂ ಕೊಟ್ಟರೆ. ಕಾಲು ಹಿಡಿಯದಿದ್ದರೆ ಮೆಣಸಿನಕಾಯಿಯ ಹೊಲ. ಆಕೆ ಬೆರಳಿನ ಗಾಯ ಹಿಚುಕಿಕೊಂಡಳು. ಉರಿಯಿತು. ಕೈಗೆ ಬೆಂಕಿ ಹತ್ತೇತಿ, ತಗೀಬೇ.

ಬಾಗಿಲು ತೆಗೆದಳು. ಬರಿಗೈಯಲ್ಲಿ ಹೊಸ್ತಿಲು ದಾಟಿದಳು. ಸಾವ್ಕಾರನ ಮಗ ಕಚ್ಚಿಸಿಕೊಂಡ ತೋಳಿಗೆ ಅರಿವೆ ಕಟ್ಟಿಕೊಂಡು ಎದ್ದು ನಿಂತ. ಅವಳ ಕಣ್ಣು ನೋಡಿ ಕುಂತ.

ಕೊನೆಯ ಮಂಚದ ಹತ್ತಿರ ಮುನಾಫ ಅವ್ವನ ಬಾಗಿದ ಬೆರಳುಗಳನ್ನು ನೆಟ್ಟಗೆ ಮಾಡಲು ನೋಡುತ್ತಿದ್ದ. ಅವು ನೆಟ್ಟಗಾಗುತ್ತಿರಲಿಲ್ಲ.

“ಅಣ್ಣಾ,” ಅಂದಳು. ವಾರ್ಡಿಗೆಲ್ಲ ಕೇಳುವಂತೆ ಅಂದಳು, ಮುಂಜಾನೆಯ ಪಾಠ ಒದರುವ ದನಿಯಲ್ಲಿ. “ನಿಮ್ಮ ಅವ್ವನ ಹಾರ್ಟ್ ತಾನ ನಿಂತಿಲ್ಲ. ಬಾಟ್ಲ್ಯಾಗ ಕಲಸಿ ಬಿಡೋ ಔಷಧ ಸೀದಾ ಕೈಯಾಗ ಒತ್ತ್ಯಾರ. ತುಂಬಿದಾಕಿ ನಾನು. ಒತ್ತಿದಾಕಿ ಶ್ವೇತಾ. ನಾ ಮಾದರಾಕಿ ಅಂತ ತುಂಬೂ ಕೈ ಬ್ಯಾರೆ, ಚುಚ್ಚೂ ಕೈ ಬ್ಯಾರೆ ಮಾಡಿದಾವ್ರು ಈ ಮೇಡಂ. ಮಾಡ್ರಿ ಅಂದಾವ ಆ ಮಂಚದಾಂವ. ಹೂಂ ಅಂದಾವ ಈ ಡಾಕ್ಟರ್. ನಡುವ ಬಿದ್ದು ಸತ್ತಾಕಿ ನಿಮ್ಮ ಅವ್ವ.”

“ಸುಳ್ಳು! ಹುಚ್ಚಿ ಐತದು!” ವೀರವ್ವ ಓಡಿ ಬಂದಳು.

ಮುನಾಫ ತಲೆ ಎತ್ತಿದ. “ನಮ್ಮವ್ವ ಉರಿ ಅಂದ್ಲಾ?”

“ಅಂದ್ಲು.”

“ಅಂದ ಮ್ಯಾಲೂ ಒತ್ತಿದ್ರಾ?”

“ಒತ್ತಿದ್ರು.”

“ನಿನಗ ಗೊತ್ತಿತ್ತು.”

“ಗೊತ್ತಿತ್ತು.”

“ಗೊತ್ತಿದ್ದೂ ಟ್ರೇದಾಗ ಇಟ್ಟಿ.”

“ಇಟ್ಟೇನಿ. ಇಡೂದಿಲ್ಲ ಅನಬೇಕಿತ್ತು. ಅನಲಿಲ್ಲ. ಅದನ್ನೂ ಪೊಲೀಸ್ ಸ್ಟೇಶನ್ನಿನಾಗ ಹೇಳ್ತೇನಿ. ನಡೀರಿ.”

ಮುನಾಫ ಅವಳ ಮುಖಕ್ಕೆ ಹೊಡೆದ. ಅವಳು ಹೊಡೆಸಿಕೊಂಡಳು. ಆಮೇಲೆ ಅವನು ಎದ್ದು, ಅವ್ವನ ಮುಖಕ್ಕೆ ಬಟ್ಟೆ ಎಳೆದು, ಎದುರಿನ ಮಂಚದವಳಿಗೆ “ಯಾರೂ ಮುಟ್ಟದಂಗ ನೋಡ್ಕೊಬೇ” ಅಂದ. ಬಾಗಿಲ ಕಡೆ ನಡೆದ. ದುರಗವ್ವ ಅವನ ಹಿಂದೆ ನಡೆದಳು.

“ಇವತ್ತಿಗೆ ಮುಗೀತ ನಿನ್ನ ಕೋರ್ಸು!” ಅಂದಳು ವೀರವ್ವ. “ನರ್ಸ್ ಅಂತ ಯಾವ ದವಾಖಾನಿ ಮೆಟ್ಟಿಲಾ ಹತ್ತತಿ ನೋಡ್ತೇನಿ!”

ದುರಗವ್ವ ತಿರುಗಿ ನೋಡಲಿಲ್ಲ. ಮೊದಲ ಮಂಚ ದಾಟುವಾಗ ಸಾವ್ಕಾರ ಹೊಟ್ಟೆ ಹಿಡಿದುಕೊಂಡು ಎದ್ದು ಕುಂತ. ಗಲಾಟೆ ಅವನ ಹೊಟ್ಟೆಗೆ ಇಳಿದಿತ್ತು.

“ಏ ತಂಗಿ! ಅದೇನರ ಇರಲಿ, ಮೊದಲ ಬೆಡ್‌ಪ್ಯಾನ್ ಕೊಡು! ತಡಿಯಾಂಗಿಲ್ಲ!”

ದುರಗವ್ವ ನಿಂತಳು. ಮಂಚದ ಕೆಳಗಿನಿಂದ ಬೆಡ್‌ಪ್ಯಾನ್ ಎಳೆದಳು. ಸಾವ್ಕಾರ ಸೊಂಟ ಎತ್ತಲು ಕೈ ಊರಿದ. ಅವಳು ಅದನ್ನು ಒಯ್ದು ವಾರ್ಡಿನ ನಡುವೆ, ಎಲ್ಲರಿಗೂ ಕಾಣುವಂತೆ, ನೆಲದ ಮೇಲೆ ಇಟ್ಟಳು.

“ಒಳಗ ಹಾಕಿದ ಕೈ ಇಲ್ಲೆ ಅದಾವಲ್ಲ ಸಾವ್ಕಾರ್ರ. ಹೊರಗ ಬರೋದನ್ನೂ ಅವಾ ಎತ್ತಲಿ.”

ಹೊರಟುಹೋದಳು.

ಬಸವೇಶ ವೀರವ್ವನನ್ನು ನೋಡಿದ. ವೀರವ್ವ ಶ್ವೇತಾನನ್ನು ನೋಡಿದಳು. ಶ್ವೇತಾ ತನ್ನ ಅಂಗೈ ನೋಡಿಕೊಂಡಳು. ಲಿಂಗ ಕಟ್ಟಿದ ಅಪ್ಪನ ಲಿಂಗ ಕಟ್ಟಿದ ಮಗ ಮಾಳಿಗೆಯ ತೊಲೆ ನೋಡಿದ. ಸಾವ್ಕಾರ ಒದರಿದ, ಬೈದ, ಬೇಡಿಕೊಂಡ. ಯಾರ ಕಾಲೂ ಕೀಳಲಿಲ್ಲ. ಕೊನೆಗೆ ಅವನಿಗೆ ತಡೆಯಲಾಗಲಿಲ್ಲ. ಆ ನಾತ ಹಿರೇಕೆರೂರು ದಾಟಿ ಹೋಯಿತು ಅನ್ನುತ್ತಾರೆ, ಅಲ್ಲಿನ ಮಂದಿ ಮೂಗು ಮುಚ್ಚಿಕೊಂಡು ಉಂಡರಂತೆ.

ಬೆಡ್‌ಪ್ಯಾನ್ ಮಾತ್ರ ನಡು ವಾರ್ಡಿನಲ್ಲಿ ಇಟ್ಟಲ್ಲೇ ಇತ್ತು. ಖಾಲಿ. ದುರಗವ್ವ ಮುಂಜಾನೆ ತೊಳೆದಿಟ್ಟಷ್ಟೇ ಶುಭ್ರ.